ತಲೆಯಡಿಯ ಬೆರಳು

ನಾನು ಮಾಡುವ ಯಾವ ಜಾಹೀರಾತಿನಲ್ಲೂ ಹೊರಗೆ ಹೋಗುವ ದಾರಿಯನ್ನು ಬಚ್ಚಿಡುವುದಿಲ್ಲ ಎಂದು ಹನ್ನೆರಡು ವರ್ಷಗಳ ಹಿಂದೆ ಅಮ್ಮನಿಗೆ ಮಾತು ಕೊಟ್ಟಿದ್ದೆ. ಆಗಷ್ಟೇ ಅವಳ ಕೈಗೆ ಮೊದಲ ಸ್ಮಾರ್ಟ್‌ಫೋನ್ ಬಂದಿತ್ತು. ಯಾವುದೋ ಸಾಬೂನಿನ ಜಾಹೀರಾತು ಪರದೆ ತುಂಬ ಹರಡಿಕೊಂಡು ಕದಲದೇ ಹೋದಾಗ, ಫೋನನ್ನೇ ಕೆಡಿಸಿಬಿಟ್ಟೆನೆಂದು ಹೆದರಿ, ಮೂರು ದಿನ ಅದನ್ನು ಬೀರುವಿನಲ್ಲಿ ಹೊದಿಕೆಗಳ ಕೆಳಗೆ ಅಡಗಿಸಿಟ್ಟಿದ್ದಳು. ನಾನು ತೆಗೆದು ನೋಡಿದರೆ ಮುಚ್ಚುವ ಗುರುತು ಇತ್ತು, ಬಿಳಿಯ ಮೇಲೆ ಬಿಳಿ.

"ಇಂಥದ್ದನ್ನ ಮಾಡೋರು ಯಾರೇ?" ಎಂದು ಕೇಳಿದಳು.

"ನನ್ನಂಥೋರೇ ಅಮ್ಮ."

ಅವಳು ನಗಲಿಲ್ಲ. "ಹಾಗಾದ್ರೆ ನೀನು ಮಾಡಿದ್ರಲ್ಲಿ ಬಾಗಿಲು ಕಣ್ಣಿಗೆ ಕಾಣ್ಬೇಕು. ಹೋಗ್ಬೇಕು ಅನ್ನೋರು ಹೋಗೋ ಹಾಗಿರ್ಬೇಕು."

ಅಂದಿನಿಂದ ನನ್ನ ಎಲ್ಲ ಜಾಹೀರಾತುಗಳ ಬಲಮೂಲೆಯಲ್ಲಿ ಕಪ್ಪು ಗುರುತೊಂದು ಹೆಬ್ಬೆರಳಷ್ಟು ದಪ್ಪಗೆ ಕೂತಿರುತ್ತದೆ. ನಮ್ಮ ಮುಖ್ಯಸ್ಥರಿಗೆ ಜನ ಒಂದು ಪುಟದಲ್ಲಿ ಎಷ್ಟು ಸೆಕೆಂಡು ನಿಂತರು ಎನ್ನುವುದೊಂದೇ ಜಪ. ಬೆನ್ನ ಹಿಂದೆ ನಾವು ಅವರನ್ನು ಗಡಿಯಾರ ಎನ್ನುತ್ತೇವೆ. ಅಂಗಡಿಗಿಂತ ಬಾಗಿಲೇ ದೊಡ್ಡದಾಯ್ತಲ್ಲಮ್ಮ ಎಂದು ಅವರು ನನ್ನ ಗುರುತನ್ನು ಕಂಡಾಗಲೆಲ್ಲ ಚುಚ್ಚುವುದಿತ್ತು.

ಈ ವರ್ಷ ಹಾಸಿಗೆ ತಯಾರಿಸುವ ಕಂಪನಿಯೊಂದರ ಕೆಲಸ ಬಂತು. ಹಾಸಿಗೆಯ ಮೃದುತನವನ್ನು ಗಾಜಿನ ಪರದೆಯ ಮೇಲೆ ಹೇಗೆ ತೋರಿಸುವುದು? ಎರಡು ವಾರ ತಲೆ ಕೆರೆದುಕೊಂಡೆ. ಕೊನೆಗೆ ಕೈಹಿಡಿದದ್ದು ಕಚೇರಿಯಲ್ಲಿ ಕಲಿತ ವಿದ್ಯೆಯಲ್ಲ, ತೋಳಿನ ಮೇಲೆ ನಿದ್ದೆಹೋದ ಮಗನ ತಲೆಯಡಿಯಿಂದ ಕೈ ಬಿಡಿಸಿಕೊಳ್ಳುವ ವಿದ್ಯೆ. ಮಕ್ಕಳನ್ನು ಸಾಕಿದವರಿಗೆ ಅದನ್ನು ವಿವರಿಸಬೇಕಿಲ್ಲ.

ನನ್ನ ಪುಟ ತೆರೆದರೆ ಬರೀ ಕತ್ತಲು. ಬೆರಳಿಟ್ಟಲ್ಲಿ ಮಂದ ಬೆಳಕು ಹರಡಿ, ಕೂಸೊಂದರ ತಲೆ ಬಂದು ಬೆರಳಿಗೆ ಒರಗುತ್ತದೆ. ಅದರ ಉಸಿರಿನ ಲಯಕ್ಕೆ ಫೋನು ಸಣ್ಣಗೆ ಅದುರುತ್ತದೆ. ಬೆರಳನ್ನು ಕೂದಲೆಳೆಯಷ್ಟೇ ಸರಿಸುತ್ತ ಅಂಚಿಗೆ ತಂದರೆ ತಲೆ ಹಾಸಿಗೆಗೆ ಇಳಿದು, ಕಂಪನಿಯ ಹೆಸರು ಮೂಡುತ್ತದೆ. ಆತುರಪಟ್ಟರೆ ಕೂಸು ಮುಖ ಕಿವುಚುತ್ತದೆ. ಫಕ್ಕನೆ ಬೆರಳೆತ್ತಿದರೆ ಎದ್ದು ಅಳುತ್ತದೆ. ಅದು ನನ್ನ ಮಗ ಒಂಬತ್ತು ತಿಂಗಳವನಿದ್ದಾಗ ಅತ್ತ ಅಳು. ಬಲಮೂಲೆಯಲ್ಲಿ ಕಪ್ಪು ಗುರುತು ಇದ್ದೇ ಇತ್ತು.

ಮಾತುಮಾತಿಗೂ ಮೇಜು ಗುದ್ದುವ ಹಾಸಿಗೆ ಕಂಪನಿಯ ಮಾಲೀಕರು, ಪುಟವನ್ನು ಮೊದಲ ಸಲ ಕೈಗೆತ್ತಿಕೊಂಡ ದಿನ ಮೂರು ನಿಮಿಷ ಉಸಿರು ಬಿಗಿಹಿಡಿದು ಕೂತರು. ಯಾರೋ ಕುರ್ಚಿ ಎಳೆದದ್ದಕ್ಕೆ ಕಣ್ಣಲ್ಲೇ ಗದರಿದರು.

ಪುಟ ಲೋಕಕ್ಕೆ ಬಿಡುಗಡೆಯಾದ ದಿನ ನಮ್ಮ ಕಚೇರಿಯ ಗೋಡೆಯ ದೊಡ್ಡ ಪರದೆಯಲ್ಲಿ ಒಂದೊಂದು ಬೆರಳಿಗೆ ಒಂದೊಂದು ಬೆಳಕಿನ ಚುಕ್ಕಿ ಮೂಡುವಂತೆ ಮಾಡಿದ್ದೆವು. ಬೆಳಿಗ್ಗೆ ಇಪ್ಪತ್ತು ಮೂವತ್ತು ಇದ್ದವು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಸಾವಿರ. ಒಬ್ಬರ ಮುಖ ಇನ್ನೊಬ್ಬರು ಕಾಣದ ನಾಲ್ಕು ಸಾವಿರ ಜನ, ಎಲ್ಲೆಲ್ಲೋ ಬಸ್ಸುಗಳಲ್ಲಿ, ಸರತಿ ಸಾಲುಗಳಲ್ಲಿ, ಇಲ್ಲದ ಕೂಸೊಂದು ಏಳದಿರಲೆಂದು ಕೈ ಅಲುಗಿಸದೆ ಇದ್ದರು. ಗಡಿಯಾರ ಕೂಡ ಸೆಕೆಂಡಿನ ಮಾತೆತ್ತದೆ ಗೋಡೆಯ ಮುಂದೆ ನಿಂತೇ ಇದ್ದರು.

ದಿನವೂ ಊಟದ ಹೊತ್ತಿಗೆ ನಾನು ಮನೆಗೆ ಫೋನ್ ಮಾಡುತ್ತೇನೆ. ಮಗನನ್ನು ನೋಡಿಕೊಳ್ಳುವವಳು ಅಮ್ಮ. ಅವತ್ತು ಮೂರು ಸಲ ಮಾಡಿದರೂ ಎತ್ತಲಿಲ್ಲ. ಬ್ಯಾಗನ್ನೂ ಮರೆತು ಓಡಿದೆ.

ಬಾಗಿಲು ತೆರೆದರೆ ಅಮ್ಮ ಕುರ್ಚಿಯಲ್ಲಿ ಕೂತಿದ್ದಾಳೆ. ತೊಡೆಯ ಮೇಲೆ ಫೋನು, ಫೋನಿನ ಮೇಲೆ ಬೆರಳು. ಕಾಲ ಬುಡದಲ್ಲಿ ನಾಲ್ಕು ವರ್ಷದ ಮಗ, ಮಡಿಲಲ್ಲಿ ಬಿಸ್ಕತ್ತಿನ ಡಬ್ಬಿ. ಒಂದು ಗಳಿಗೆ ಬಾಯಿ ಮುಚ್ಚದವನು ನನಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ.

"ಮೆಲ್ಲಗೆ ಬಾರೇ, ಮಲಗಿದೆ," ಎಂದಳು ಅಮ್ಮ, ತಲೆಯೆತ್ತದೆ.

ಹನ್ನೊಂದೂವರೆಯಿಂದ ಹಾಗೇ ಇದ್ದಳಂತೆ. ಪುಟವನ್ನು ವಾಕಿಂಗ್ ಗೆಳತಿ ಕಳಿಸಿದ್ದಳಂತೆ. ಸರಿಸಲು ಹೋದಾಗಲೆಲ್ಲ ಕೂಸು ಮಿಸುಕಿತಂತೆ. ನಾನು ಅವಳ ಬೆರಳು ನೋಡಿದೆ. ಎರಡು ವರ್ಷದಿಂದ ಅವಳ ಕೈ ನಡುಗುತ್ತದೆ. ಅವಳ ತಟ್ಟೆಗೆ ನಾನೇ ಬಡಿಸುತ್ತೇನೆ, ಅವಳ ಲೋಟವನ್ನು ಅರ್ಧಕ್ಕೇ ತುಂಬುತ್ತೇನೆ. ಆದರೂ ಎಷ್ಟು ಅಲುಗಿದರೆ ಕೂಸು ಮಿಸುಕಬೇಕು ಎಂಬುದನ್ನು ನಡುಗದ ನನ್ನ ಕೈಯಿಂದಲೇ ಅಳೆದಿದ್ದೆ.

"ಬಾಗಿಲು ಇತ್ತಲ್ಲಮ್ಮ, ಮೂಲೆಯಲ್ಲಿ," ಎಂದೆ.

"ಕಾಣ್ತಾನೇ ಇತ್ತು ಕಣೇ. ಅದನ್ನ ಒತ್ತೋಕೆ ಬೆರಳು ಎತ್ಬೇಕಲ್ಲ, ಕೂಸನ್ನ ಅಳಿಸಿ ಎದ್ದು ಹೋಗೋದು ಹೇಗೆ?"

ಅವಳ ಬೆರಳಿಗೆ ಒತ್ತಿ ನನ್ನ ಬೆರಳಿಟ್ಟೆ. ತಲೆ ನನ್ನ ಕಡೆ ವಾಲಿತು. ಇಳಿಸಿ ಮಲಗಿಸಿದೆ. ಅಮ್ಮ ಮರಗಟ್ಟಿದ ಕೈಯನ್ನು ತಿಕ್ಕಿಕೊಳ್ಳುತ್ತ, ಇದು ನನ್ನ ಕೆಲಸವೆಂದು ನಾನು ಹೇಳಿದಾಗ ನನ್ನ ಮುಖವನ್ನೇ ನೋಡಿದಳು. "ಅದರ ನೆತ್ತಿ ಬೆಚ್ಚಗಿತ್ತು," ಎಂದಳು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಕಚೇರಿಗೆ ಮರಳಿ ಎರಡು ಬದಲಾವಣೆ ಬರೆದೆ. ನಡುಗುವ ಕೈಗೆ ಕೂಸು ಮಿಸುಕುವುದಿಲ್ಲ. ಮೂಲೆಯ ಗುರುತು ಒತ್ತಿದರೆ, ಅದು ನಿದ್ದೆಯಲ್ಲಿರುವಾಗಲೇ ಪುಟ ಮುಚ್ಚುತ್ತದೆ. ಬರೆಯಲು ಒಂದು ಗಂಟೆ ಸಾಕಾಯಿತು. ಪರೀಕ್ಷೆಗೆಂದು ನೂರು ಜನರಿಗೆ ಮಾತ್ರ ಹೊಸ ಪುಟ ಕೊಟ್ಟು ನೋಡಿದೆವು. ಹೆಚ್ಚಿನವರು ಹತ್ತು ಸೆಕೆಂಡಿಗೆ ಗುರುತು ಒತ್ತಿ ಹೋದರು. ಗಡಿಯಾರ ತಡೆದಾರು, ಆಗ ಜಗಳವಾಡಬಹುದು ಎಂದುಕೊಂಡಿದ್ದೆ.

"ನೀನು ಹೆತ್ತಿದ್ದು. ನೀನೇ ಹೇಳು, ಏನು ಮಾಡೋಣ?" ಎಂದು ಕೇಳಿದರು ಅವರು.

ಹೊಸ ಪುಟವನ್ನು ಎಲ್ಲರಿಗೂ ಕಳಿಸಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ಗೋಡೆಯ ಕಡೆ ತಿರುಗಿದೆ. ಹನ್ನೊಂದು ಸಾವಿರ ಚುಕ್ಕಿಗಳು. ಯಾವುದೂ ಕದಲುತ್ತಿರಲಿಲ್ಲ. ಅವುಗಳಲ್ಲಿ ಎಷ್ಟು ಬೆರಳು ಅಮ್ಮನದರಂತೆ ಸಿಕ್ಕಿಬಿದ್ದಿವೆಯೋ ಎಂದು ಯೋಚಿಸಿದೆ. ಆ ಯೋಚನೆಯ ಜೊತೆಗೇ, ಇಷ್ಟು ಜನರ ಕೈಯನ್ನು ಇಷ್ಟು ಮೃದುವಾಗಿಸುವಂಥದ್ದು ನನ್ನಿಂದ ಇನ್ನೊಮ್ಮೆ ಆಗಲಿಕ್ಕಿಲ್ಲ ಎಂದೂ ಅನಿಸಿತು. ನೋಡುತ್ತ ನಿಂತೆ. ಇನ್ನೂ ಮುನ್ನೂರು ಚುಕ್ಕಿಗಳು ಮೂಡಿದವು.

ಗುಂಡಿ ಒತ್ತಲಿಲ್ಲ. ಜಾಹೀರಾತು ಮೊದಲಿದ್ದಂತೆಯೇ ಹತ್ತು ದಿನ ಓಡಿತು. ಅಮ್ಮನಿಗೆ ಕೊಟ್ಟಿದ್ದ ಮಾತನ್ನು ನಾನು ಮುರಿದೆ.