ಹಸಿರು ವಾಯರು

ರುದ್ರಮುನಿ ಅಂಗಳಕ್ಕೆ ಕಾಲಿಟ್ಟಾಗ ಜಮೀರ್ ಪ್ಯಾಂಟನ್ನು ಮೊಣಕಾಲತನಕ ಮಡಚಿಕೊಂಡು, ಬಿಸಿನೀರಿನ ಎರಡನೇ ಕೊಡವನ್ನು ಪರದೆಯ ಒಳಗೆ ದಾಟಿಸುತ್ತಿದ್ದ. ಪರದೆಯ ಆಚೆ ಅವನ ಅಪ್ಪ ಫಕ್ಕೀರಸಾಬರ ಕೊನೆಯ ಸ್ನಾನ ನಡೆದಿತ್ತು. ಬ್ಯಾಡಗಿಯ ಆ ಓಣಿಯಲ್ಲಿ ಮೆಣಸಿನಕಾಯಿಯ ಘಾಟು ಗಾಳಿಯಲ್ಲೇ ಇತ್ತು. ಅತ್ತವರು ಯಾರು, ಘಾಟಿಗೆ ಕಣ್ಣು ಒರೆಸಿಕೊಂಡವರು ಯಾರು ಎಂದು ಹೇಳುವಂತಿರಲಿಲ್ಲ.

ಕೊಡ ಖಾಲಿಯಾದ ಮೇಲೆ ಜಮೀರ್ ಹೊರಗೆ ಬಂದ.

"ಬರ್ರಿ ಅಣ್ಣಾ, ಕುಂದ್ರಿ." ಒದ್ದೆ ಕೈ ಒರೆಸಿಕೊಳ್ಳುತ್ತ ದನಿ ತಗ್ಗಿಸಿದ. "ಅಬ್ಬಾನ ಬಲಗೈ ಹೆಬ್ಬೆರಳಿನ ಬುಡಕ್ಕ ಒಂದು ಸುಟ್ಟ ಗುರ್ತ ಐತ್ರಿ. ಹೊಸಾದು."

ಪರದೆಯ ಒಳಗಿನಿಂದ ಮಸೀದಿಯ ಹಿರಿಯರ ದನಿ ಬಂತು. "ಜಮೀರ್! ತೊಳಿಯೂವಾಗ ಕಂಡದ್ದನ್ನ ಹೊರಗ ಆಡಬಾರ್ದಪಾ."

"ಏನಿಲ್ಲ ಚಾಚಾ. ವಾಯರಿಗೆ ಬೆಸಿಗಿ ಹಾಕೋ ಕೈ. ಅಂಥಾ ಗುರ್ತ ಹದಿನೈದ ಅದಾವ." ಅವನು ರುದ್ರಮುನಿಯ ಕಡೆ ತಿರುಗಿ, ತನಗೇ ಸಮಾಧಾನ ಹೇಳಿಕೊಳ್ಳುವವನಂತೆ ತಲೆಯಾಡಿಸಿ ಮತ್ತೆ ಒಳಗೆ ಹೋದ.

ರುದ್ರಮುನಿ ಬೆಂಚಿನ ತುದಿಯಲ್ಲಿ ಕುಳಿತ. ರಾಣೆಬೆನ್ನೂರಿನಲ್ಲಿ ಅವನದು ಬೀಜದ ಅಂಗಡಿ. ಅಲ್ಲಿನ ಬೀಜ ವ್ಯಾಪಾರಿಗಳ ಹೊಂಬೆಳೆ ಸಂಘಕ್ಕೆ ಅವನು ಕಾರ್ಯದರ್ಶಿ. ಫಕ್ಕೀರಸಾಬರು ನಿನ್ನೆ ಸತ್ತದ್ದು ಆ ಸಂಘದ ಹೊಸ ಸಭಾಂಗಣದಲ್ಲಿ, ಮೈಕುಗಳ ದನಿ ಹೊಂದಿಸಲು ಅವರೇ ಆರಿಸಿಕೊಟ್ಟಿದ್ದ ಮಿಕ್ಸರಿನ ಪಕ್ಕದ ಕುರ್ಚಿಯಲ್ಲಿ. ಅರವತ್ತಮೂರು ವರ್ಷ. ಎರಡು ವರ್ಷದ ಹಿಂದೆ ಒಮ್ಮೆ ಎದೆನೋವು ಬಂದಿತ್ತು. ನೋಡಿದ ಡಾಕ್ಟರು ಹೃದಯ ನಿಂತಿದೆ ಎಂದರು. ಯಾಕೆ ನಿಂತಿತು ಎಂದು ಯಾರೂ ಕೇಳಲಿಲ್ಲ.

ಬೆಂಚಿನ ಮೇಲೆ ಮಾತು ನಡೆದಿತ್ತು.

"ನಮ್ಮ ಶೈಲಾನ ಮದುವ್ಯಾಗ ಬೀಗರು ಮೈಕ್ ಹಿಡದು ಜಗಳಕ್ಕ ನಿಂತ್ರು," ಎಂದರು ಮೆಣಸಿನಕಾಯಿ ದಲಾಲಿ ಮಲ್ಲೇಶಪ್ಪ. "ಈ ಫಕ್ಕೀರಸಾಬ ಮೂಲ್ಯಾಗ ಕುಂತು ಅವರ ದನಿ ಸಣ್ಣದ ಮಾಡಿಬಿಟ್ಟ. ಬಾಯಿ ಆಡತೈತಿ, ಮಾತ ಕೇಳವಲ್ದು! ಜನಾ ನಗಾಕ ಹತ್ತಿದ್ರು. ಜಗಳ ಅಲ್ಲಿಗೇ ಮುಗೀತು."

"ಇಲೆಕ್ಷನ್ನಿನ್ಯಾಗ ಎರಡೂ ಪಾರ್ಟಿಗೂ ಇವನದ ಮೈಕ್."

"ಯಾರಿಗೆ ಓಟ್ ಹಾಕೀಯೋ ಅಂದ್ರ, ಯಾರ ಭಾಷಣ ಸಣ್ಣದೈತಿ ಅವರಿಗೆ ಅಂತಿದ್ದ."

ನಕ್ಕರು, ನಕ್ಕದ್ದಕ್ಕೆ ನಾಚಿ ಸುಮ್ಮನಾದರು. "ನಲವತ್ತು ವರ್ಷ ಮೈಕ್ ಹಚ್ಚಿದ," ಎಂದರು ಮಲ್ಲೇಶಪ್ಪ, ಹೆಗಲ ಮೇಲಿನ ಟವೆಲ್ ಸರಿಮಾಡಿಕೊಳ್ಳುತ್ತ. "ಒಂದು ದಿನಾನೂ ಅದರಾಗ ತಾನು ಮಾತಾಡಲಿಲ್ಲ ನೋಡು. ಹಲೋ, ಒನ್, ಟೂ, ಥ್ರೀ. ಅಷ್ಟ ಅವನ ಭಾಷಣ."

ಫಕ್ಕೀರಸಾಬರ ಮಗಳು ಶಬನಮ್ ಒಳಗಿನಿಂದ ಸ್ಟೀಲಿನ ತಾಟು ತಂದು, ಪರದೆಯಿಂದ ಹೊರಬಂದ ಅಣ್ಣನ ಕೈಗೆ ಕೊಟ್ಟಳು. ಅಂಗಿಯ ಜೇಬಿನಲ್ಲಿ ಸಿಕ್ಕ ಸಾಮಾನು: ಕನ್ನಡಕ, ಗುಳಿಗೆಯ ಪಟ್ಟಿ, ಟೆಸ್ಟರು, ಒಂದು ಸಣ್ಣ ಸ್ಕ್ರೂಡ್ರೈವರು. ಜೊತೆಗೆ ಕಡಲೆಕಾಳಿನಷ್ಟು ದೊಡ್ಡದಾದ, ಉಂಡೆ ಮಾಡಿದ ಕೆಂಪು ಟೇಪು.

"ಅಮ್ಮೀ ಕೇಳಾಕತ್ತಾಳ, ಇದೇನಂತ. ಅಬ್ಬಾ ಕೆಂಪು ಟೇಪ್ ಎಂದೂ ತರ್ತಿದ್ದಿಲ್ಲ. ಕರೇದಷ್ಟ."

ಜಮೀರ್ ಉಂಡೆಯನ್ನು ಬೆರಳಲ್ಲಿ ತಿರುಗಿಸಿ ನೋಡಿ ಟೆಸ್ಟರಿನ ಜೊತೆ ತನ್ನ ಜೇಬಿಗೆ ಹಾಕಿಕೊಂಡ.

ರುದ್ರಮುನಿ ಆ ಜೇಬನ್ನೇ ನೋಡುತ್ತ ಕುಳಿತ. ಆ ಟೇಪು ಅವನದು. ಅಂಗಡಿಯಲ್ಲಿ ಮಾದರಿ ಬೀಜದ ಚೀಲಗಳಿಗೆ ಸುತ್ತುವಂಥದ್ದು. ಶುಕ್ರವಾರ ಸಂಜೆ ಅದನ್ನು ಅವನು ತನ್ನ ಕೈಯಾರೆ ಒಂದು ಪ್ಲಗ್ಗಿನ ಒಳಗೆ ಸುತ್ತಿದ್ದ. ಅಂದರೆ ಮುದುಕ ಆ ಪ್ಲಗ್ಗನ್ನು ಬಿಚ್ಚಿ ನೋಡಿದ್ದ.

*

ಒಂದು ತಿಂಗಳ ಹಿಂದೆ ಹಾವೇರಿಯ ಅಂಗಡಿಯಲ್ಲಿ ಮಿಕ್ಸರುಗಳನ್ನು ಸಾಲಾಗಿ ಇಟ್ಟಿದ್ದರು. ಸಂಘದ ಅಧ್ಯಕ್ಷ ನಿಜಲಿಂಗಪ್ಪನವರಿಗೆ ಹನ್ನೆರಡು ಚಾನೆಲಿನದು ಮನಸ್ಸಿಗೆ ಬಂದಿತ್ತು. ಅದರ ತುಂಬ ನೀಲಿ ದೀಪ.

"ಸಾಹೇಬರ, ನಿಮ್ಮ ಹಾಲ್ ನಲವತ್ತು ಫೂಟು ಉದ್ದ, ಇಪ್ಪತ್ತೆರಡು ಅಗಲ. ಅರವತ್ತು ಕುರ್ಚಿ," ಎಂದಿದ್ದರು ಫಕ್ಕೀರಸಾಬರು. ಅಳತೆ ಅವರೇ ತೆಗೆದಿದ್ದರು. "ಮಾತಾಡಾಂವ ಒಬ್ಬ, ಪ್ರಶ್ನೆ ಕೇಳಾಂವ ಒಬ್ಬ, ಅಧ್ಯಕ್ಷರು ಒಬ್ಬರು. ಮೂರು ಮೈಕ್, ಒಂದು ಲ್ಯಾಪ್‌ಟಾಪ್. ಆರು ಚಾನೆಲ್ ಸಾಕು. ಉಳದ ಗುಂಡಿ ಯಾರು ತಿರುವ್ತಾರ? ಖಾಲಿ ಗುಂಡಿ ಇದ್ರ ಪ್ರತಿಯೊಬ್ಬಾಂವ ತಿರುವ್ತಾನ."

"ದೀಪಾ ಚಂದ ಕಾಣ್ತಾವಲ್ಲೋ ಮಾರಾಯಾ."

"ದೀಪಾವಳಿಗೆ ತರ್ರಿ."

ನಿಜಲಿಂಗಪ್ಪನವರೇ ಮೊದಲು ನಕ್ಕರು. ಫಕ್ಕೀರಸಾಬರು ಬೇರೆ ಒಂದನ್ನು ಎತ್ತಿ, ತಿರುಗಿಸಿ, ಹಿಂಬದಿಯ ತೂತುಗಳನ್ನು ಕನ್ನಡಕದ ಕೆಳಗಿಂದ ನೋಡಿದರು. ಗುಂಡಿಗಳನ್ನು ಒಂದೊಂದಾಗಿ ಪೂರ್ತಿ ತಿರುಗಿಸಿ ಕರಕರ ಸದ್ದಿದೆಯೇ ಎಂದು ಕಿವಿಗೊಟ್ಟರು. ಇಪ್ಪತ್ತು ನಿಮಿಷ ಹಿಡಿಯಿತು. ಕೊನೆಗೆ ಬೂದು ಬಣ್ಣದ, ಊಟದ ತಾಟಿನಷ್ಟೇ ಅಗಲದ ಒಂದನ್ನು ಮುಂದೆ ಸರಿಸಿದರು.

"ಇದು. ಆದ್ರ ಒಂದು ಮಾತು. ನಿಮ್ಮ ಹಳೇ ಆಂಪ್ಲಿಫೈಯರ್ ಸೋರ್ತದ. ಒಳಗಿನ ಕರೆಂಟು ಡಬ್ಬಿಗೆ ಇಳೀತದ, ಡಬ್ಬಿಯಿಂದ ಮೈಕಿಗೆ. ಅರ್ತಿನ ಹಸಿರು ವಾಯರು ಇರೂತನಾ ಅದು ನೆಲಕ್ಕ ಹೋಗ್ತದ, ಅಡ್ಡಿ ಇಲ್ಲ. ಅದನ್ನ ಬದಲಾ ಮಾಡೂತನಾ ಆ ಹಸಿರು ವಾಯರಿಗೆ ಯಾರೂ ಕೈ ಹಚ್ಚಬಾರ್ದು."

ಈ ಕೊನೆಯ ಮಾತನ್ನು ಅವರು ಹೇಳಿದ್ದು ರುದ್ರಮುನಿಗೆ.

*

ಉದ್ಘಾಟನೆ ಶನಿವಾರವಿತ್ತು. ಗುರುವಾರ ಎಲ್ಲವನ್ನೂ ಜೋಡಿಸಿ, ಲ್ಯಾಪ್‌ಟಾಪ್‌ನ ತಂತಿ ಸಿಕ್ಕಿಸಿದೊಡನೆ ಸ್ಪೀಕರುಗಳಿಂದ ಗುಂಯ್ ಎಂಬ ಸದ್ದು ಹೊರಟಿತು. ಲ್ಯಾಪ್‌ಟಾಪ್ ಒಂದು ಗೋಡೆಯಿಂದ, ಮಿಕ್ಸರು ಇನ್ನೊಂದು ಗೋಡೆಯಿಂದ ನೆಲಕ್ಕೆ ತಾಗುವುದರಿಂದ ಹೀಗಾಗುತ್ತದೆ, ನಡುವೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಡಬ್ಬಿ ಹಾಕಿದರೆ ನಿಲ್ಲುತ್ತದೆ ಎಂದರು ಫಕ್ಕೀರಸಾಬರು. ಡಬ್ಬಿ ಹುಬ್ಬಳ್ಳಿಯಿಂದ ಸೋಮವಾರ ಬರುವುದಿತ್ತು.

"ಒಂದು ದಿನದ ಮಾತು. ಗುಂಯ್ ಅಂದ್ರ ಅನ್ನಲಿ ಬಿಡ್ರಿ."

ರುದ್ರಮುನಿ ಬಿಡಲಿಲ್ಲ. ಆ ಸಭಾಂಗಣ ಅವನ ಮೂರು ವರ್ಷದ ಓಡಾಟ. ಹೊರಗಿನಿಂದ ಬಂದ ಅತಿಥಿಗಳ ಮುಂದೆ ಅದು ನೊಣದಂತೆ ಗುಂಯ್‌ಗುಡುವುದನ್ನು ಅವನು ನೆನೆಯಲಾರದೆ ಹೋದ. ಮದುವೆಯ ಪೆಂಡಾಲುಗಳಲ್ಲಿ ಹುಡುಗರು ಹಸಿರು ವಾಯರು ಕಿತ್ತು ಸದ್ದು ನಿಲ್ಲಿಸುವುದನ್ನು ಕಂಡಿದ್ದ. ಶುಕ್ರವಾರ ಸಂಜೆ ಒಬ್ಬನೇ ಹೋಗಿ, ಮಿಕ್ಸರು, ಆಂಪ್ಲಿಫೈಯರು ಎರಡಕ್ಕೂ ಕರೆಂಟು ಹೋಗುವ ಪ್ಲಗ್ಗನ್ನು ಬಿಚ್ಚಿ, ಹಸಿರು ವಾಯರನ್ನು ಕತ್ತರಿಸಿ, ತುದಿಗೆ ಕೆಂಪು ಟೇಪು ಸುತ್ತಿ ಮತ್ತೆ ಮುಚ್ಚಿದ. ಹೊರಗಿನಿಂದ ನೋಡಿದರೆ ಮೂರು ಪಿನ್ನುಗಳ ಸರಿಯಾದ ಪ್ಲಗ್ಗು. ಗುಂಯ್ ನಿಂತಿತು. ಅದೇ ಹುಮ್ಮಸ್ಸಿನಲ್ಲಿ ಮಿಕ್ಸರಿನ ಗುಂಡಿಗಳ ಕೆಳಗೆ ಅದೇ ಟೇಪಿನ ತುಂಡುಗಳನ್ನು ಅಂಟಿಸಿ ಅಧ್ಯಕ್ಷರು, ಅತಿಥಿ, ಪ್ರಶ್ನೆ ಎಂದು ಪೆನ್ನಿನಲ್ಲಿ ಬರೆದ.

ಶನಿವಾರ ಫಕ್ಕೀರಸಾಬರು ಬೇರೆ ಊರಿನ ಮದುವೆಗೆ ಹೋಗಿದ್ದರಿಂದ ಮೈಕು ನೋಡಿಕೊಂಡವನು ರುದ್ರಮುನಿಯೇ. ವೇದಿಕೆಯ ಮೇಲೆ ದಪ್ಪ ಜಮಖಾನೆ ಹಾಸಿತ್ತು. ಯಾರಿಗೂ ಏನೂ ಆಗಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಹಾವೇರಿಯಲ್ಲಿ ಕಚೇರಿಯ ಕೆಲಸದಲ್ಲಿದ್ದಾಗ ಫಕ್ಕೀರಸಾಬರ ಫೋನು ಬಂತು.

"ಡಬ್ಬಿ ಬಂದದರಿ. ಹಚ್ಚಾಕ ಹೊಂಟೇನಿ. ಶನಿವಾರ ಗುಂಯ್ ಭಾಳ ಕಾಡ್ತೇನು?"

"ಇಲ್ರಿ. ಶುಕ್ರವಾರನ ನಿಂತಿತ್ತು."



"ಯಾರರ ಏನರ ಬಿಚ್ಚಿದ್ರೇನು?"

"ಯಾರೂ ಇಲ್ರಿ. ತಾನ ನಿಂತಿತು."

"ತಾನ ನಿಲ್ಲೂದಲ್ಲರೀ ಅದು," ಎಂದು ಫಕ್ಕೀರಸಾಬರು ಮೆಲ್ಲಗೆ ಹೇಳಿದ್ದರು. "ಇರ್ಲಿ. ನೋಡ್ತೇನಿ."

ಮಧ್ಯಾಹ್ನ ಒಂದೂವರೆಗೆ ಕಸ ಗುಡಿಸಲು ಬಂದ ಮುತ್ತವ್ವ ಅವರನ್ನು ಕುರ್ಚಿಯಲ್ಲಿ ಕಂಡಳು. ನಿದ್ದೆ ಎಂದುಕೊಂಡು ಸುತ್ತಲೂ ಗುಡಿಸಿದಳಂತೆ. ರುದ್ರಮುನಿ ಹಾವೇರಿಯಿಂದ ಬರುವಷ್ಟರಲ್ಲಿ ಹೆಣ ಬ್ಯಾಡಗಿಗೆ ಹೋಗಿತ್ತು. ಸಭಾಂಗಣದ ಬಾಗಿಲಿಗೆ ಬೀಗವಿತ್ತು. ಕೀಲಿ ನಿಜಲಿಂಗಪ್ಪನವರ ಬಳಿ. ಯಾಕೆ ಬೇಕು ಎಂದು ಅವರು ಕೇಳುತ್ತಾರೆಂದು ಹೆದರಿ ಅವನು ಕೀಲಿ ಕೇಳಲಿಲ್ಲ.

*

ಮಧ್ಯಾಹ್ನದ ನಮಾಜಿನ ನಂತರ ಮಣ್ಣು. ರುದ್ರಮುನಿಯೂ ಹೆಗಲು ಕೊಟ್ಟ. ಒಬ್ಬರಿಂದ ಒಬ್ಬರಿಗೆ ಹೆಗಲು ಬದಲಾಗುವ ಸಾಲಿನಲ್ಲಿ ಒಮ್ಮೆ ಅವನು ಜಮೀರನ ಪಕ್ಕಕ್ಕೇ ಬಂದ. ಈಗ ಹೇಳಬೇಕು ಎನಿಸಿತು. ಹೇಳಿದರೆ ಹೆಣ ಇಲ್ಲಿಂದಲೇ ಆಸ್ಪತ್ರೆಗೆ ಹೋಗುತ್ತದೆ, ಕೊಯ್ಯುತ್ತಾರೆ. ಜಮೀರನ ತಾಯಿ ಕುಲ್ಸುಮಬಿ ಗಂಡನ ಮೈಗೆ ಚಾಕು ತಾಗಲು ಒಪ್ಪಿಯಾಳೇ? ಅವಳ ನೋವಿಗಾಗಿ ಸುಮ್ಮನಿದ್ದೇನೆ ಎಂದುಕೊಂಡ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಅದು ಸುಳ್ಳೆಂದು ಅವನಿಗೇ ಗೊತ್ತಾಯಿತು. ಅಷ್ಟರಲ್ಲಿ ಯಾರೋ ಅವನ ಹೆಗಲು ಬಿಡಿಸಿಕೊಂಡು ಮುಂದೆ ಹೋದರು.

ಮೂರು ಹಿಡಿ ಮಣ್ಣು ಹಾಕುವಾಗ ಜಮೀರ್ ಪಕ್ಕದಲ್ಲೇ ನಿಂತಿದ್ದ.

"ಅಣ್ಣಾ, ನಿಮಗ ಫೋನ್ ಮಾಡಿದ್ನಂತಲ್ಲ ಅಬ್ಬಾ? ಏನಂದ?"

"ಡಬ್ಬಿ ಬಂದೈತಿ ಅಂದ್ರು."

"ಅಷ್ಟ?"

"ಅಷ್ಟ."

ಮೂರನೇ ಹಿಡಿ ಬೆರಳ ಸಂದಿಯಿಂದ ಅರ್ಧ ಸೋರಿಹೋಗಿ ಉಳಿದದ್ದು ಗುಂಡಿಗೆ ಬಿತ್ತು.

ಗೇಟಿನ ಬಳಿ ನಿಜಲಿಂಗಪ್ಪನವರು ಕಾಯುತ್ತಿದ್ದರು. ಐದು ಗಂಟೆಗೆ ಸಭಾಂಗಣದಲ್ಲಿ ಶ್ರದ್ಧಾಂಜಲಿ ಇಟ್ಟಿದ್ದರು.

"ಜಮೀರಾ, ನಿಮ್ಮಪ್ಪನ ಸಾಮಾನ ಪೆಟಗಿ ಅಲ್ಲೇ ಐತಿ. ಬಂದು ಒಯ್ಯಿ. ಆಂವ ಹಚ್ಚಿದ ಮೈಕಿನ್ಯಾಗ ನೀನ ಎರಡು ಮಾತಾಡು. ರುದ್ರಮುನಿ ಗಾಡಿ ಐತಿ, ಮೂವರೂ ಹೋಗೂಣು."

"ಇವತ್ತ ಬ್ಯಾಡಿತ್ತೇನೋ," ಎಂದ ರುದ್ರಮುನಿ.

"ಯಾಕ?"

ರುದ್ರಮುನಿ ಗಾಡಿಯ ಬಾಗಿಲು ತೆಗೆದ. ಮೋಟೆಬೆನ್ನೂರು ದಾಟಿ ಹೆದ್ದಾರಿ ಹಿಡಿದ ಮೇಲೆ ಅವನ ತಲೆಯಲ್ಲಿ ಒಂದೇ ಲೆಕ್ಕ. ಮುದುಕ ಪ್ಲಗ್ಗು ಬಿಚ್ಚಿದ್ದ, ಅದಕ್ಕೆ ಟೇಪಿನ ಉಂಡೆ ಸಾಕ್ಷಿ. ಕೈಗೆ ಹೊಡೆತ ಬಿದ್ದಿತ್ತು, ಅದಕ್ಕೆ ಸುಟ್ಟ ಗುರುತು ಸಾಕ್ಷಿ. ಆದರೆ ಬಿಚ್ಚಿದ ವಾಯರನ್ನು ಕೂಡಿಸುವಷ್ಟು ಹೊತ್ತು ಅವನ ಎದೆ ತಡೆದಿತ್ತೇ? ಕೂಡಿಸಿರದಿದ್ದರೆ ಆ ಮೈಕಿನಲ್ಲಿ ಕರೆಂಟು ಹಾಗೇ ಇದೆ. ಎಲ್ಲರಿಗಿಂತ ಮೊದಲು ಒಳಗೆ ಹೋಗಿ ಪ್ಲಗ್ಗು ಕಿತ್ತುಬಿಡಬೇಕು.

ಮೊದಲು ಹೋಗಲಾಗಲಿಲ್ಲ. ಬಾಗಿಲು ತೆರೆದೇ ಇತ್ತು. ಕೀಲಿ ತರಿಸಿಕೊಂಡಿದ್ದ ಸಂಘದ ಗುಮಾಸ್ತ ಪ್ರವೀಣಕುಮಾರ ಪರದೆಯ ಮೇಲೆ ಫಕ್ಕೀರಸಾಬರ ಫೋಟೊ ಹಾಕುವ ಗಡಿಬಿಡಿಯಲ್ಲಿದ್ದ. ಮೂವತ್ತು ಜನ ಬಂದು ಕುಳಿತಿದ್ದರು. ಜಮಖಾನೆ ತೆಗೆದಿದ್ದರು. ಮುತ್ತವ್ವ ಆಗಷ್ಟೇ ವೇದಿಕೆ ಒರೆಸಿ ಹೋಗಿದ್ದಳು. ನೆಲ ಹೊಳೆಯುತ್ತಿತ್ತು.

ಮೂಲೆಯಲ್ಲಿ ಅಪ್ಪನ ಪೆಟ್ಟಿಗೆ ಕಂಡದ್ದೇ ಜಮೀರ್ ಚಪ್ಪಲಿ ಬಿಟ್ಟು ಮೇಲೆ ಹತ್ತಿದ. ಹುಬ್ಬಳ್ಳಿಯ ಡಬ್ಬಿ ಇನ್ನೂ ಕಾಗದ ಬಿಚ್ಚದೆ ಅದರ ಪಕ್ಕದಲ್ಲಿತ್ತು. ನಿಜಲಿಂಗಪ್ಪನವರ ನಿಧಾನದ ನಡಿಗೆಗೆ ಸಿಕ್ಕಿ ರುದ್ರಮುನಿ ಬಾಗಿಲಲ್ಲೇ ಉಳಿದಿದ್ದ.

"ಸಾರ್, ಮೈಕ್ ಹೆಂಗ ಚಾಲೂ ಮಾಡೂದು?" ಎಂದ ಪ್ರವೀಣಕುಮಾರ.

"ನಾ ಮಾಡ್ತೇನಿ ಬಿಡು." ಜಮೀರ್ ಗೋಡೆಯ ಸ್ವಿಚ್ಚು ಒತ್ತಿದ. ಮಿಕ್ಸರಿನ ಒಂದೇ ಒಂದು ಹಸಿರು ದೀಪ ಹತ್ತಿತು. ಸದ್ದಿಲ್ಲ. ಅವನು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಸ್ಟ್ಯಾಂಡಿನಲ್ಲಿದ್ದ ಉಕ್ಕಿನ ಮೈಕಿಗೆ ಕೈ ಚಾಚಿದ.

"ಮುಟ್ಟಬ್ಯಾಡ!"

ಮೂವತ್ತು ತಲೆಗಳೂ ಹಿಂದೆ ತಿರುಗಿದವು. ರುದ್ರಮುನಿ ಕುರ್ಚಿಗಳ ನಡುವೆ ಅರ್ಧ ದೂರ ಓಡಿ ಬಂದಿದ್ದ, ಕೈ ಮುಂದಕ್ಕೆ ಚಾಚಿಯೇ ಇತ್ತು.

"ಜಮೀರ್, ಮೈಕ್ ಮುಟ್ಟಬ್ಯಾಡಪಾ. ದೇವರಾಣಿ."

"ಯಾಕ್ರಿ?" ಎಂದ ಜಮೀರ್.

 ಅದೇ ಹೊತ್ತಿಗೆ, ಹಿಂದೆ ನಡೆದದ್ದನ್ನು ಗಮನಿಸದ ಪ್ರವೀಣಕುಮಾರ ಲ್ಯಾಪ್‌ಟಾಪ್‌ನ ತಂತಿಯನ್ನು ಮಿಕ್ಸರಿಗೆ ಸಿಕ್ಕಿಸಿದ. ನಾಲ್ಕೂ ಸ್ಪೀಕರುಗಳಿಂದ ಸದ್ದು ಎದ್ದಿತು.

ಗುಂಯ್.

ಪರದೆಯ ಮೇಲೆ ಫಕ್ಕೀರಸಾಬರು ಕನ್ನಡಕದ ಕೆಳಗಿಂದ ನೋಡುತ್ತಿದ್ದರು.

"ಏನದು ಸಪ್ಪಳ?" ಎಂದರು ನಿಜಲಿಂಗಪ್ಪನವರು. "ಶನಿವಾರ ಇದ್ದಿದ್ದಿಲ್ಲಲ್ಲ?"

ಜಮೀರ್ ಮೈಕಿನ ಸ್ಟ್ಯಾಂಡಿಗೆ ಅಪ್ಪನ ಟೆಸ್ಟರು ತಾಗಿಸಿದ. ಅದರ ದೀಪ ಹತ್ತಲಿಲ್ಲ. ಮೈಕನ್ನು ಬರಿಗೈಯಲ್ಲಿ ಹಿಡಿದ. ಏನೂ ಆಗಲಿಲ್ಲ.

"ಅರ್ತ್ ಕೂಡೇತ್ರಿ ಅಧ್ಯಕ್ಷರ," ಎಂದ. ಅವನ ದನಿ ಸ್ಪೀಕರಿನಿಂದ ದೊಡ್ಡದಾಗಿ ಬಂತು. "ಅದಕ್ಕ ಗುಂಯ್ ಅಂತೈತಿ. ಅಬ್ಬಾ ಕೂಡಿಸಿ ಸತ್ತಾನ."

ರುದ್ರಮುನಿಯ ಚಾಚಿದ ಕೈ ನಿಧಾನ ಕೆಳಗಿಳಿಯಿತು.

ಅರ್ಥವಾಗದ ನಿಜಲಿಂಗಪ್ಪನವರು ಗಂಟಲು ಸರಿಮಾಡಿಕೊಂಡರು. "ಇರ್ಲಿ, ಎಲ್ಲಾರೂ ಎದ್ದು ನಿಲ್ರಿ. ಎರಡು ನಿಮಿಷ ಮೌನ."

ಕುರ್ಚಿಗಳು ಸರಿದವು. ಎಲ್ಲರ ತಲೆ ಬಾಗಿತು. ಜಮೀರನದು ಮಿಕ್ಸರಿನ ಮೇಲೆ ಬಾಗಿತು. ಗುಂಡಿಗಳ ಕೆಳಗಿನ ಕೆಂಪು ಪಟ್ಟಿಗಳನ್ನು ಅವನು ಓದಿದ. ಅಧ್ಯಕ್ಷರು. ಅತಿಥಿ. ಪ್ರಶ್ನೆ. ಸಂಘದ ಪತ್ರಗಳಲ್ಲೆಲ್ಲ ಕಂಡ, ಕಾರ್ಯದರ್ಶಿಯ ಗುಂಡಗಿನ ಅಕ್ಷರ. ಜೇಬಿಗೆ ಕೈ ಹಾಕಿ ಉಂಡೆಯನ್ನು ತೆಗೆದು, ಉಗುರಿನಿಂದ ಬಿಡಿಸಿ, ಉದ್ದ ಮಾಡಿ, ಆ ಪಟ್ಟಿಗಳ ಸಾಲಿನಲ್ಲೇ ನಾಲ್ಕನೆಯದಾಗಿ ಅಂಟಿಸಿದ. ಹೆಬ್ಬೆರಳಿನಿಂದ ಒತ್ತಿ ಸಪಾಟು ಮಾಡಿದ. ಅದರ ಮೇಲೆ ಏನೂ ಬರೆದಿರಲಿಲ್ಲ.

ಆಮೇಲೆ ತಲೆಯೆತ್ತಿ ರುದ್ರಮುನಿಯನ್ನು ನೋಡುತ್ತ ನಿಂತ. ಸದ್ದು ತಗ್ಗಿಸುವ ಗುಂಡಿ ಅವನ ಬೆರಳಿನ ಪಕ್ಕದಲ್ಲೇ ಇತ್ತು. ಅವನು ಅದನ್ನು ಮುಟ್ಟಲಿಲ್ಲ.