ಕುರಿ ಬಿಡುವ ಹೊತ್ತು

ಫೋನು ಬಂದದ್ದು ಪಕ್ಕದ ಮನೆಗೆ. ಆ ಮನೆಯ ಅಲಕಾ ವಹಿನಿ ಕಿಟಕಿಯಿಂದಲೇ ಕೂಗಿದರು. ಪ್ರಮಿಳಾ ರೊಟ್ಟಿ ಬಡಿಯುತ್ತಿದ್ದ ಹಿಟ್ಟಿನ ಕೈಯಲ್ಲೇ ಓಡಿದಳು. ಆ ಕಡೆ ಇದ್ದವನು ಅಣ್ಣನಲ್ಲ, ತವರೂರಿನ ಹಿರಿಯ ಗುರುಪುತ್ರಪ್ಪ.

"ನಿಮ್ಮವ್ವ ನಸಿಕಿನ್ಯಾಗ ತೀರಿಕೊಂಡ್ಲವ್ವಾ. ಬರ್ತೀಯೋ ಇಲ್ಲೋ?"

ಪ್ರಮಿಳಾ ಉತ್ತರ ಕೊಡದೆ ಫೋನಿಟ್ಟಳು. ಇಡಬೇಕೆಂದು ಇಟ್ಟದ್ದಲ್ಲ, ಕೈ ತಾನಾಗಿ ಕೆಳಗಿಳಿಯಿತು. ತಿರುಗಿ ಮಾಡೋಣವೆಂದರೆ ಗುರುಪುತ್ರಪ್ಪ ಫೋನು ಮಾಡಿದ ಊರಿನ ಅಂಗಡಿಯ ನಂಬರು ಅವಳಿಗೆ ಗೊತ್ತಿಲ್ಲ. ಇನ್ನು ಊರವರೆಲ್ಲ ಅವಳು ಬರುವುದಿಲ್ಲ ಎಂದೇ ತಿಳಿಯುತ್ತಾರೆ. ಹಾಗೆ ತಿಳಿಯುವುದಕ್ಕೆ ಕಾರಣವೂ ಇತ್ತು.

ನಂದಗಡದ ಆಚೆಗಿನ ಅವಳ ಕುರುಬರ ತವರುಮನೆಯಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ ಇತ್ತು. ಮನೆಯಲ್ಲಿ ಸಾವಾದರೆ, ಹೆಣ ಏಳುವ ತನಕ ಕುರಿದೊಡ್ಡಿಯ ಬಾಗಿಲಿಗೆ ಅಡ್ಡವಿಟ್ಟ ಮುಳ್ಳು ಸರಿಸುವಂತಿಲ್ಲ. ಮನೆಯವರ ಜೊತೆ ಕುರಿಗಳೂ ಉಪವಾಸ. ಎಂಟು ವರ್ಷದ ಹಿಂದೆ ಅಪ್ಪ ಸತ್ತಾಗ ಅಣ್ಣ ಕಲ್ಮೇಶ ತಂಗಿಗಾಗಿ ಕಾಯಲಿಲ್ಲ. ಬೆಳಗಾವಿಯಿಂದ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದವಳಿಗೆ ಸಿಕ್ಕಿದ್ದು ಹಸಿ ಮಣ್ಣಿನ ದಿಬ್ಬ. ಕುರಿಗಳು ಆಗಲೇ ಗುಡ್ಡದ ಮೇಲೆ ಹಾಯಾಗಿ ಮೇಯುತ್ತಿದ್ದವು.

"ಕುರಿಗಿಂತ ಕಡಿ ಆದ್ನೇನೋ ನಾನು?" ಎಂದು ಕಿರುಚಿದ್ದಳು. ಮನೆದೇವರು ಮೈಲಾರಲಿಂಗನ ಭಂಡಾರವನ್ನು, ಆ ಅರಿಶಿನಪುಡಿಯನ್ನು, ಮುಷ್ಟಿಯಲ್ಲಿ ಹಿಡಿದು ಆಣೆ ಇಟ್ಟಿದ್ದಳು. "ಅಪ್ಪನ ಮಾರಿ ನನಗ ತೋರಸಲಿಲ್ಲ ನೀ. ಇನ್ನ ನಿನ್ನ ಮಾರಿ ನಾ ನೋಡಂಗಿಲ್ಲ!"

ಬೆಳಗಾವಿಯ ಸದಾಶಿವನಗರದ ಮಗಳ ಮನೆಗೆ ಬಂದಾಗಲೆಲ್ಲ ಅವ್ವ ಮಾಯವ್ವ ಅದೇ ಮಾತು ತೆಗೆಯುತ್ತಿದ್ದಳು. "ಅದು ನಿಮ್ಮಪ್ಪನ ಮಾತವ್ವಾ, ಕಲ್ಮೇಶಂದಲ್ಲ. ನನ್ನ ಸಲುವಾಗಿ ಕುರಿ ಉಪಾಸ ಕೆಡವಬ್ಯಾಡ ಅಂತ ಮಾತ ತಗೊಂಡ ಜೀವ ಬಿಟ್ಟಾನ. ಹೊಟ್ಟ್ಯಾಗ ಹಾಕ್ಕೋ." ಮಗನನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವುದು ಅವ್ವನ ಹುಟ್ಟುಗುಣ ಎಂದುಕೊಂಡು ಪ್ರಮಿಳಾ ಎದ್ದು ಚಹಾಕ್ಕೆ ಇಡುತ್ತಿದ್ದಳು. ಹಟದಲ್ಲಿ ಅವಳು ಅಪ್ಪನ ಮಗಳೇ, ಅದರಲ್ಲಿ ಎರಡು ಮಾತಿಲ್ಲ.

ಗಂಡ ರಾಮಲಿಂಗ ಆಟೋ ನಗರದ ಗ್ಯಾರೇಜಿಗೆ ಹೋಗಿಯಾಗಿತ್ತು. ಅವನಿಗೆ ತಿಳಿಸುವುದನ್ನು ಅಲಕಾ ವಹಿನಿಗೆ ಒಪ್ಪಿಸಿ, ದೇವರ ಮಾಡದ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಭಂಡಾರದ ಡಬ್ಬಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೊರಟಳು. ಎಂಟು ವರ್ಷ ಒಂದು ಊದುಬತ್ತಿ ಹಚ್ಚದವಳು ಬಸ್ಸು ಏರುತ್ತಲೇ ದೇವರ ಜೊತೆ ವ್ಯವಹಾರಕ್ಕೆ ಕೂತಳು. 'ಮೈಲಾರಲಿಂಗಾ, ಆಣಿ ಮುರದದ್ದಕ್ಕ ಏನರ ಶಿಕ್ಷಾ ಕೊಡು. ಅವ್ವನ ಮಾರಿ ಒಂದ ಸಲ ತೋರಸು.'

ಚಳಿಗಾಲದ ಮಂಜು ರಸ್ತೆಯ ಎರಡೂ ಬದಿಗೆ ಮಲಗಿತ್ತು. ಮರಗಳಿಗೆ ಬುಡವಿರಲಿಲ್ಲ, ಮನೆಗಳಿಗೆ ಗೋಡೆಗಳಿರಲಿಲ್ಲ. ಅಳುತ್ತ ಅಳುತ್ತಲೇ ಅವಳ ಕಣ್ಣು ಮುಚ್ಚಿದವು. ಮಂಜು ಮೆಲ್ಲಗೆ ಕುರಿಗಳಾಯಿತು. ಬಸ್ಸಿನ ಬಾಜುವಿಗೇ ನಡೆಯತೊಡಗಿತು, ಸದ್ದಿಲ್ಲದೆ, ಗಂಟೆಯಿಲ್ಲದೆ. ಮುಂದೆ ಕಂಬಳಿ ಹೊದ್ದು ಅಪ್ಪ ಹೋಗುತ್ತಿದ್ದ. "ಅಪ್ಪಾ, ಒಂದೀಟ ಮಾರಿ ತಿರಗಸೋ" ಎಂದು ಕಿಟಕಿಯಿಂದ ಕೈ ಚಾಚಿದಳು. ಅಪ್ಪ ತಿರುಗಲಿಲ್ಲ. "ಕುರಿ ಹಸದಾವವ್ವಾ" ಎಂದ, ಅಷ್ಟೇ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಗುಡ್ಡ ಹತ್ತುವಾಗಿನ ದನಿಯೇ ಅದು.

"ಖಾನಾಪುರ! ಇಳೀರಿ ಇಳೀರಿ!" ಕಂಡಕ್ಟರ್ ಕೂಗಿದ.

ನಂದಗಡದ ಬಸ್ಸು ತಡವಾಗಿ ಬಂತು. ಮಂಜು ಕರಗಿ ಬಿಸಿಲು ಏರುತ್ತಿತ್ತು, ಅವಳ ಎದೆಯಲ್ಲಿದ್ದ ಆಸೆಯೂ ಅದರ ಜೊತೆಗೇ ಕರಗುತ್ತಿತ್ತು. ಇಷ್ಟು ಹೊತ್ತು ಯಾರು ಕಾಯುತ್ತಾರೆ? ಬರುತ್ತೇನೆ ಎಂದು ಕೂಡ ಹೇಳದವಳಿಗಾಗಿ? ಇಳಿದು ಹೊಲದ ದಾರಿ ಹಿಡಿದಾಗ ಕಾಲು ಮುಂದಕ್ಕೆ ಏಳಲಿಲ್ಲ. ಕಣ್ಣೆತ್ತಿ ಗುಡ್ಡದ ಕಡೆ ನೋಡಿದಳು. ಗುಡ್ಡದ ಮೇಲೆ ಒಂದು ಕುರಿಯೂ ಇರಲಿಲ್ಲ.

ಆಗ ಕೇಳಿಸಿತು. ಮೊದಲು ಕನಸಿನದೇ ಉಳಿಕೆ ಅಂದುಕೊಂಡಳು. ಅಲ್ಲ, ಊರೊಳಗಿನಿಂದ, ಹಸಿದ ಹಿಂಡು ಒಂದೇ ಸಮನೆ ಒದರುತ್ತಿತ್ತು. ದೊಡ್ಡಿಯ ಮುಳ್ಳು ಸರಿದಿಲ್ಲ. ಅವ್ವ ಇನ್ನೂ ಮನೆಯಲ್ಲೇ ಇದ್ದಾಳೆ! ಪ್ರಮಿಳಾ ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು.

ಅಂಗಳದಲ್ಲಿ ಅವ್ವನನ್ನು ಗೋಡೆಗೆ ಆನಿಸಿ, ಕಂಬಳಿ ಹೊದಿಸಿ ಕೂರಿಸಿದ್ದರು. ಮುಖ ತೆರೆದಿತ್ತು. ಪ್ರಮಿಳಾ ಎರಡೂ ಕೈಯಲ್ಲಿ ಆ ಮುಖವನ್ನು ಹಿಡಿದುಕೊಂಡಳು. ಎಷ್ಟು ತಣ್ಣಗಿತ್ತು, ಎಷ್ಟು ಅವ್ವನೇ ಆಗಿತ್ತು. ಡಬ್ಬಿ ತೆಗೆದು ಹಣೆಗೆ ಭಂಡಾರ ಹಚ್ಚಿದಳು.

ಆಚೆ ಮೂಲೆಯಲ್ಲಿ ಒಬ್ಬ ಗಂಡಸು ತಲೆ ತುಂಬ ಕಂಬಳಿ ಎಳೆದುಕೊಂಡು, ಗೋಡೆಗೆ ಮುಖಮಾಡಿ ಕೂತಿದ್ದ. ಹೆಗಲು ಅಲುಗುತ್ತಿದ್ದವು.

"ಮುಂಜಾನಿಂದ ಹಂಗ ಕುಂತಾರವ್ವಾ" ಎಂದಳು ಅಣ್ಣನ ಹೆಂಡತಿ ಸತ್ಯವ್ವ. "ಎತ್ತೂಣು ಅಂತ ಊರಮಂದಿ ಹೇಳಿ ಸಾಕಾದ್ರು. ನಮ್ಮ ತಂಗಿ ಬರ್ತಾಳ ಅಂತಾರ. ಆಕಿ ದೇವರ ಆಣಿ ಮುರೀಬಾರ್ದು, ನನ್ನ ಮಾರಿ ಆಕಿಗೆ ಕಾಣಬಾರ್ದು ಅಂತ ಹಿಂಗ ಮುಚ್ಕೊಂಡಾರ."

ಪ್ರಮಿಳಾ ಅವನ ಕಡೆ ತಿರುಗಿದಳು. ಅಪ್ಪನಿಗೂ ಸೇರಿಸಿ ಅವ್ವನ ಮುಂದೆ ಮನಸಾರೆ ಅಳಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಬೇಲಿಯಾಚೆ ಹಿಂಡು ಒದರುತ್ತಲೇ ಇತ್ತು, ಮರಿಗಳ ದನಿ ಸೋತುಹೋಗಿತ್ತು. ಅವಳು ಎದ್ದು ಹೋಗಿ ಕಂಬಳಿ ಸರಿಸಿದಳು. ಅಣ್ಣ ಗಾಬರಿಯಾಗಿ ಕೈಯಿಂದ ಮುಖ ಮುಚ್ಚಿಕೊಂಡ. ಆ ಕೈಗಳನ್ನು ಬಿಡಿಸಿದಳು. ಗಡ್ಡವೆಲ್ಲ ಬೆಳ್ಳಗಾಗಿ, ಅವನು ಥೇಟ್ ಅಪ್ಪನೇ ಆಗಿದ್ದ. ಉಳಿದ ಭಂಡಾರವನ್ನು ಅವನ ಹಣೆಗೆ ಬಳಿದಳು.

"ಏಳೋ ಅಣ್ಣಾ" ಎಂದಳು. "ಅವ್ವನ್ನ ಎತ್ತೂಣು. ಕುರಿ ಹಸದಾವ."