ಬಡಿಸುವವರ ಪಂಕ್ತಿ

ಜೇವರ್ಗಿಯಿಂದ ಬಸ್ಸು ಹಿಡಿದು, ನೆಲೋಗಿ ದಾಟಿ ಇಳಿದು, ದಿನಾ ಹೋಗಿ ಗಣಿತ ಕಲಿಸುವವಳು ನಾನು, ವಿದ್ಯಾವತಿ. ಹದಿನೆಂಟು ವರ್ಷವಾಯಿತು. ಸಿಟ್ಟಿನ ಮೇಡಂ ಎಂದೇ ಹೆಸರು. ನಮ್ಮದು ಹೈಸ್ಕೂಲು, ಪಿಯು ಎರಡೂ ಒಂದೇ ಕಂಪೌಂಡಿನೊಳಗಿರುವ ಸರ್ಕಾರಿ ಕಾಲೇಜು. ಪಾಠದ ಜೊತೆಗೆ ಬಿಸಿಯೂಟದ ಉಸ್ತುವಾರಿಯನ್ನೂ ನನ್ನ ಕೊರಳಿಗೆ ಕಟ್ಟಿದ್ದಾರೆ.

ಈ ಬಿಸಿಯೂಟ ಹತ್ತನೇ ತರಗತಿಯವರೆಗೆ ಮಾತ್ರ. ಹತ್ತು ಪಾಸಾದ ಮಗು ಬೇಸಿಗೆ ರಜೆ ಮುಗಿಸಿ ಪಕ್ಕದ ಕೋಣೆಗೆ ಬಂದು ಕೂತರೆ ಸಾಕು, ಇನ್ನು ಅದಕ್ಕೆ ಹಸಿವೇ ಆಗುವುದಿಲ್ಲ ಎಂದು ಯಾವ ಪುಣ್ಯಾತ್ಮ ತೀರ್ಮಾನಿಸಿದನೋ ಗೊತ್ತಿಲ್ಲ. ಮಧುಮತಿ ಹಾಗೆ ಪಕ್ಕದ ಕೋಣೆಗೆ ಬಂದವಳು. ಜೂನ್ ತಿಂಗಳ ಮೊದಲ ದಿನ ರೂಢಿಯಂತೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಳು. "ಪಿಯುದವರಿಗಿ ಇಲ್ಲವ್ವಾ, ಸರಿ ಆಕಡಿ" ಎಂದು ಅವಳನ್ನು ಹೊರಗೆ ಕಳಿಸಿದವಳು ನಾನೇ. ಒಣಗಿದ್ದ ತಟ್ಟೆಯನ್ನು ದುಪಟ್ಟಾದಿಂದ ಮತ್ತೊಮ್ಮೆ ಒರೆಸಿ ಚೀಲಕ್ಕೆ ಹಾಕಿಕೊಂಡು ಹೋದಳು.

ಅವಳ ಊರು ಕೊಳಕೂರ. ಅಪ್ಪ ಇಲ್ಲ. ತಾಯಿ ಸಾಬವ್ವ ಬೆಳಕು ಹರಿಯುವ ಮೊದಲೇ ಕೂಲಿಗೆ ಹೋಗುತ್ತಾಳೆ. ಇವಳು ಬರಿ ಚಹಾ ಕುಡಿದು ಏಳೂವರೆಯ ಬಸ್ಸು ಹತ್ತಿದರೆ, ಅನ್ನ ಕಾಣುವುದು ಸಂಜೆ ಮನೆ ಮುಟ್ಟಿದ ಮೇಲೆ. ಲೆಕ್ಕದಲ್ಲಿ ಹುಡುಗಿ ಬೆಂಕಿ. ಆದರೆ ಮಧ್ಯಾಹ್ನದ ಪೀರಿಯಡ್ಡಿನಲ್ಲಿ ಬೋರ್ಡಿಗೆ ಕರೆದರೆ ಚಾಕ್‌ಪೀಸ್ ಹಿಡಿದು ಗೋಡೆಗೆ ಆನಿಕೊಂಡು ನಿಲ್ಲುತ್ತಿದ್ದಳು.

ದಾರಿ ತೋರಿಸಿದವಳು ಅಡುಗೆಯ ಹುಸೇನಬೀ. "ಅಕಿಗಿ ಬಡಸಾಕ ಹಚ್ಚರಿ ಮೇಡಂ. ಬಡಸಿದವರು ಕಡೀಕ ಉಣ್ಣೂದು ನಮ್ ಕಡಿ ಪದ್ಧತಿನೇ ಅದ. ಅವರಿಗಿ ಯಾರೂ ಕೇಳಂಗಿಲ್ಲ" ಎಂದಳು. ಮದುವೆಯಿರಲಿ, ಮಠದ ದಾಸೋಹವಿರಲಿ, ಎಲ್ಲ ಪಂಕ್ತಿ ಎದ್ದ ಮೇಲೆ ಬಡಿಸಿದವರು ಕೊಪ್ಪರಿಗೆಯ ಸುತ್ತ ಕೂತು ಉಣ್ಣುತ್ತಾರಲ್ಲ, ಹಾಗೆ. ಮರುದಿನದಿಂದ ಮಧುಮತಿ ಮತ್ತು ಇನ್ನೂ ಮೂವರು ಪಿಯು ಹುಡುಗಿಯರು ಸೌಟು ಹಿಡಿದರು. "ಏ, ಇನ್ನೊಂದ್ ಹಿಡಿ ಅನ್ನ ಹಾಕ್ಕೋ ಬೇ" ಎಂದು ಮಧುಮತಿ ಎಂಟನೇ ತರಗತಿಯವರನ್ನು ಗದರಿಸುತ್ತಿದ್ದಳು. ಕಡೆಗೆ ಉಳಿದದ್ದನ್ನು ಉಂಡು, ಕೊಪ್ಪರಿಗೆ ತೊಳೆದು, ಕ್ಲಾಸಿಗೆ ಬರುತ್ತಿದ್ದಳು. ಐದು ತಿಂಗಳು ಹೀಗೇ ನಡೆಯಿತು. ಮಧ್ಯಾಹ್ನದ ಲೆಕ್ಕಗಳೂ ಬಿಡಿಸಿಕೊಳ್ಳತೊಡಗಿದವು. ನಾನು ಖುಷಿಯಲ್ಲಿದ್ದೆ.

ನವೆಂಬರಿನಲ್ಲಿ ಶಾಲಾ ಸಮಿತಿಯ ಸಭೆ ಕರೆದರು. ಅಧ್ಯಕ್ಷರು ಕಲ್ಯಾಣಪ್ಪ. ದೊಡ್ಡ ಹಿಡುವಳಿದಾರರು, ಕೆಟ್ಟ ಮನುಷ್ಯರಲ್ಲ. ಮಠದ ದಾಸೋಹಕ್ಕೆ ಪ್ರತಿ ವರ್ಷ ಚೀಲಗಟ್ಟಲೆ ತೊಗರಿ ಕೊಡುವವರು. ಅವತ್ತು ಅವರ ತಲೆಯೊಳಗೆ ಒಂದು ಅರ್ಜಿ ಹೊಕ್ಕಿತ್ತು.

"ನನ್ನ ಮೊಮ್ಮಗಗೂ ಅದೇ ಅನ್ನ, ಕೂಲಿಯವರ ಮಗಗೂ ಅದೇ ಅನ್ನ. ಯಾಕ್ರಿ? ಜನರ ತೆರಿಗಿ ರೊಕ್ಕ ಅದು. ನಮ್ಮಂಥವರ ಮಕ್ಕಳಿಗಿ ಬ್ಯಾಡ. ಇಲ್ದವರಿಗಷ್ಟ ಕೊಡ್ರಿ, ಹೊಟ್ಟಿ ತುಂಬ ಕೊಡ್ರಿ. ಹಂಗಂತ ಸರ್ಕಾರಕ್ಕ ಬರಿಯೋಣು."

"ಎಲ್ಲರಿಗೂ ಕೊಡಬೇಕ್ರಿ" ಎಂದೆ. "ಪಿಯುದವರಿಗೂ ಕೊಡಬೇಕು."

"ಪಿಯುದವರಿಗಾ? ಎಷ್ಟಂತ ಕೊಡೂದ್ರಿ ಮೇಡಂ! ಮನಿಮನಿಗಿ ರೇಷನ್ ಅಕ್ಕಿ ಬರ್ತದ. ಈ ಕಾಲದಾಗ ಉಪಾಸ ಇರೋರು ಯಾರದಾರ? ಒಬ್ಬರಿಗೆರ ತೋರಸ್ರಿ ನೋಡೋಣು" ಎಂದು ನಕ್ಕರು. ಸುತ್ತ ಕೂತವರೂ ನಕ್ಕರು.

ಆ ನಗು ನನ್ನ ನೆತ್ತಿಗೇರಿತು. ಅದೇ ಹೊತ್ತಿಗೆ ಮಧುಮತಿ ಚಹಾದ ತಟ್ಟೆ ಹಿಡಿದು ಒಳಗೆ ಬಂದಳು.

"ತೋರಸ್ಲೇನ್ರಿ? ಇಕಿ ನೋಡ್ರಿ! ಕೊಳಕೂರ ಸಾಬವ್ವನ ಮಗಳು. ಮುಂಜಾನಿ ಖಾಲಿ ಹೊಟ್ಟೀಲೆ ಬಸ್ ಹತ್ತತಾಳ. ಇಲ್ಲಿ ಹುಡುಗರು ಉಂಡು ಉಳಿದಿದ್ದೇ ಇಕಿಗಿ ಹಗಲಿನ ಅನ್ನ. ಇನ್ನ ಯಾರಿಗಿ ತೋರಸ್ಲಿ?"

ನಕ್ಕವರೆಲ್ಲ ಮುಖ ತಗ್ಗಿಸಿದರು. ಗೆದ್ದೆ ಎಂದುಕೊಂಡೆ. ಅಯ್ಯೋ ಶಿವನೇ, ಗೆದ್ದೆ ಎಂದುಕೊಂಡಿದ್ದೆ! ಹುಡುಗಿ ಒಬ್ಬೊಬ್ಬರ ಮುಂದೂ ಬಗ್ಗಿ ಚಹಾ ಕೊಟ್ಟಳು. ಕಡೆಗೆ ನನ್ನ ಲೋಟವನ್ನೂ ಮುಂದಿಟ್ಟಳು. ಅವಳು ತಲೆ ಎತ್ತಲಿಲ್ಲ.

ಮೊದಲು ಬಾಯಿ ಬಿಟ್ಟವರು ಪ್ರಿನ್ಸಿಪಾಲರು. "ಉಳಿದದ್ದು ಪಿಯು ಹುಡುಗರಿಗಿ ಕೊಡಾಕತ್ತೀರೇನ್ರಿ? ನಾಳಿ ಯಾರರ ತಕರಾರು ಬರದ್ರ ನನ್ನ ನೌಕರಿಗಿ ಬರ್ತದ. ಇವತ್ತಿಂದ ಬಂದ್ ಮಾಡ್ರಿ." ಕಲ್ಯಾಣಪ್ಪನವರ ಕಣ್ಣು ನಿಜಕ್ಕೂ ತುಂಬಿತ್ತು. "ನನಗ ಗೊತ್ತಿರಲಿಲ್ಲವ್ವಾ ಕೂಸ. ನಾಳಿಂದ ನಮ್ಮ ಮನಿಯಿಂದ ನಿನಗ ಡಬ್ಬಿ ಬರ್ತದ. ನೀ ಫಿಕರ್ ಮಾಡಬ್ಯಾಡ" ಎಂದರು. ಇಲ್ಲದವರಿಗಷ್ಟೇ ಊಟ ಎಂಬ ಅವರ ಅರ್ಜಿಗೆ ಎಲ್ಲರ ಸಹಿಯೂ ಬಿತ್ತು. ಇಲ್ಲದವರು ಇದ್ದಾರೆ ಎಂಬುದಕ್ಕೆ ಸಾಕ್ಷಿ ಒದಗಿಸಿದವಳು ನಾನೇ ಆಗಿದ್ದೆ.

ಮರುದಿನ ಡಬ್ಬಿ ಬಂತು. ರೊಟ್ಟಿ, ಬದನೆಕಾಯಿ, ಮೊಸರು, ಮೇಲೆ ಒಂದು ಶೇಂಗಾ ಹೋಳಿಗೆ. ಅವರ ಆಳು ಮೋಟರ್‌ಸೈಕಲ್ಲಿನಲ್ಲಿ ತಂದು ಗೇಟಿನಿಂದಲೇ ಕೂಗಿದ, "ಮಧುಮತಿ ಯಾರ್ರಿ? ಸಾವ್ಕಾರರ ಮನಿ ಡಬ್ಬಿ!" ಮೈದಾನದ ತುಂಬ ಹುಡುಗರು ತಿರುಗಿ ನೋಡಿದರು. ಮೂರನೇ ದಿನಕ್ಕೆ ಅವರೇ ಒಟ್ಟಾಗಿ ಕೂಗತೊಡಗಿದರು. ನಾಲ್ವರ ಕಿವಿ ಹಿಂಡಿದೆ. ಅದರಿಂದ ಕೂಗು ಇನ್ನೂ ಜೋರಾಯಿತು.

ಅವಳು ಡಬ್ಬಿ ಮುಟ್ಟಲಿಲ್ಲ. ಆಳಿಗೆ ಕೂಗಬೇಡ ಎಂದೆ. ಮರುದಿನ ಸ್ಟಾಫ್ ರೂಮಿಗೆ ಕರೆದು, ಬಾಗಿಲು ಹಾಕಿ, "ಇಲ್ಲಿ ಯಾರೂ ನೋಡಂಗಿಲ್ಲ, ಉಣ್ಣವ್ವಾ" ಎಂದೆ. "ಹೊಟ್ಟಿ ತುಂಬ್ಯಾದ್ರಿ ಮೇಡಂ" ಎಂದಳು. ನನ್ನದೇ ಬುತ್ತಿ ಬಿಚ್ಚಿ ಮುಂದಿಟ್ಟೆ. ಅದಕ್ಕೂ ಅದೇ ಮಾತು. ಹುಸೇನಬೀ ಹತ್ತಿರ ಗೋಳಾಡಿದರೆ ಅವಳು ಈರುಳ್ಳಿ ಹೆಚ್ಚುತ್ತಲೇ, "ಸೌಟು ಹಿಡದಾಗ ಅಕಿ ನಮ್ಮವರಾಗ ಒಬ್ಬಾಕಿ ಇದ್ಳರಿ. ಈಗ ಬಡವಿ ಆದಳು. ನೀವೇ ಮಾಡಿದ್ರಿ" ಎಂದಳು.

ಎರಡು ವಾರ ಕಳೆದ ಮೇಲೆ ಮಧುಮತಿ ಬರುವುದೇ ನಿಂತಿತು. ಡಬ್ಬಿ ಮಾತ್ರ ತಪ್ಪದೆ ಬರುತ್ತಿತ್ತು.

ಭಾನುವಾರ ಮಧ್ಯಾಹ್ನ ಕೊಳಕೂರಕ್ಕೆ ಹೋದೆ. ತಾಯಿ ಮಗಳು ಆಗಷ್ಟೇ ಹತ್ತಿ ಬಿಡಿಸಿ ಬಂದು ಕೈಕಾಲು ತೊಳೆಯುತ್ತಿದ್ದರು. ಮಧುಮತಿಯ ಬೆರಳ ತುದಿಗಳೆಲ್ಲ ಗೀರಿ ಹೋಗಿದ್ದವು. ಸಾಬವ್ವ ಚಾಪೆ ಹಾಸಿ, "ಬರ್ರಿ ಮೇಡಂ, ಕುಂಡ್ರಿ" ಎಂದಳು. ಬೈಯುತ್ತಾಳೆ ಎಂದುಕೊಂಡು ಬಂದಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ತಪ್ಪು ನಂದೇ ಅದ" ಎಂದೆ.

"ನಿಮ್ಮದೇನ್ ತಪ್ಪರಿ? ಖರೇನೇ ಹೇಳೀರಿ. ಖರೇ ಅದ ಅಂತನೇ ಅಕಿಗಿ ಅಲ್ಲಿ ಮಾರಿ ತೋರಸಾಕ ಆಗವಲ್ದು."

"ನಾನೇ ದಿನಾ ಬುತ್ತಿ ತರ್ತೇನಿ. ಯಾರಿಗೂ ಗೊತ್ತಾಗಂಗಿಲ್ಲ."

"ಎಲ್ಲರಿಗೂ ಗೊತ್ತಾಗ್ಯಾದಲ್ರಿ" ಎಂದಳು ಸಾಬವ್ವ, ಮೆಲ್ಲಗೆ. ಆಮೇಲೆ ನನ್ನ ಕೊರಳಿನ ಲಿಂಗದ ದಾರವನ್ನೊಮ್ಮೆ ನೋಡಿ ಕೇಳಿದಳು, "ಹೊತ್ತಾಗ್ಯಾದ. ನಮ್ಮನ್ಯಾಗ ಉಣ್ತೀರೇನ್ರಿ?"

ಮೂಲೆಯ ಬುಟ್ಟಿ ತೆರೆದೇ ಇತ್ತು. ಮೂರು ರೊಟ್ಟಿ ಕಾಣುತ್ತಿದ್ದವು, ಮೂರೇ. ಹೊಲದಿಂದ ಬಂದ ಇಬ್ಬರಿಗೆ ಅದೇ ಊಟ. ಬೇಡ ಎಂದರೆ ಆ ಮನೆಯಲ್ಲಿ ಅದಕ್ಕೆ ಒಂದೇ ಅರ್ಥ, ನಾನು ಯಾವ ಜಾತಿಯವಳು, ಅವರು ಯಾವ ಜಾತಿಯವರು ಎಂಬುದು. ಆ ಅವಮಾನವನ್ನೂ ನನ್ನ ಕೈಯಿಂದ ಆ ಹುಡುಗಿಗೆ ಮಾಡಲಾರದೆ, "ಉಣ್ತೇನವ್ವಾ" ಎಂದೆ.

ಮಧುಮತಿ ತಟ್ಟೆ ತೊಳೆದು ತಂದು, ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದಳು. ಮೊದಲ ರೊಟ್ಟಿ ಮುಗಿಯುವ ಮೊದಲೇ ಎರಡನೆಯದು ಬಿತ್ತು. ಸಾಕು ಎಂದು ಕೈ ಅಡ್ಡ ಹಿಡಿದೆ. "ನಾಚಬ್ಯಾಡ್ರಿ, ಉಣ್ರಿ" ಎಂದಳು ಸಾಬವ್ವ.

"ನಾಳಿ ಕ್ಲಾಸಿಗಿ ಬಾ ಮಧುಮತಿ. ನಿನ್ನ ಕಾಲ ಬೀಳ್ತೇನಿ" ಎಂದೆ. ನನ್ನ ಕಣ್ಣೀರು ಪಲ್ಯದ ಮೇಲೆ ಬೀಳುತ್ತಿತ್ತು.

"ನಾ ಬರಂಗಿಲ್ರಿ ಮೇಡಂ" ಎಂದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ನೀವು ಉಣ್ರಿ."

ಬುಟ್ಟಿಯಲ್ಲಿದ್ದ ಕಡೆಯ ರೊಟ್ಟಿಯನ್ನೂ ತಂದು ನನ್ನ ತಟ್ಟೆಗೆ ಹಾಕಿದಳು. ನಾನು ಅದನ್ನೂ ಉಂಡೆ.